ಕಲ್ಲು ಕೊಡುವ ಗುರು ಬೇಕಾಗಿದ್ದಾರೆ

ಲೋ ಗೆಳೆಯಾ,

ಕಡ್ಲೆಕಾಯಿ ಸಂಘದವರೆಲ್ಲ ಕ್ಷೇಮ. ನಿನ್ನ ಸೈಕಲ್ ವಿಷಯ ಮಾತ್ರ ಕೇಳಬೇಡ. ಇದನ್ನು ಓದುತ್ತಿರುವ ಮಿಕ್ಕವರೂ ಕೇಳಬೇಡಿ.

ಅಮ್ಮನ ಜೊತೆ ಕೈವಾರಕ್ಕೆ ಹೋಗಿದ್ದೆ. ಅಲ್ಲಿನ ಯೋಗಿ ತಾತಯ್ಯನ ಕಥೆ ನಿನಗೆ ಗೊತ್ತಲ್ಲ, ಮೊದಲು ಬಳೆ ಮಾರುತ್ತಿದ್ದವರು. ಅವರ ಗುರು ಪರದೇಶಿ ಸ್ವಾಮಿ ಬಾಯಿಗೊಂದು ಕಲ್ಲು ಕೊಟ್ಟು, ಇದು ಕಲ್ಲುಸಕ್ಕರೆ ಆಗುವ ತನಕ ಜಪ ಮಾಡು ಅಂದರಂತೆ. ಇವರು ಹೋಗಿ ಗುಹೆಯಲ್ಲಿ ಕೂತೇಬಿಟ್ಟರು. ಯಾಕೆ, ಎಷ್ಟು ದಿನ, ಒಂದೂ ಕೇಳಲಿಲ್ಲ.

ಅಮ್ಮ ಪ್ರಸಾದಕ್ಕೆ ನಿಂತಿದ್ದಾಗ ನಾನೂ ಸುಮ್ನೆ ಒಂದು ಕಲ್ಲು ಆರಿಸಿ, ಪಂಚೆಗೆ ಒರೆಸಿ ಬಾಯಿಗೆ ಹಾಕಿಕೊಂಡೆ. ಮಣ್ಣಿನ ರುಚಿ. ಹಲ್ಲಿಗೆ ಟಕ್ ಅಂತ ತಾಗುತ್ತದೆ, ಜೊಲ್ಲು ತುಂಬುತ್ತದೆ. ಬಾಯಲ್ಲಿ ಕಲ್ಲಿದ್ದರೆ ಪ್ರಶ್ನೆ ಕೇಳೋಕೆ ಆಗಲ್ಲ ಕಣೋ. ಪರದೇಶಿ ಸ್ವಾಮಿ ಘಾಟಿ ಮನುಷ್ಯ.

ಇದಕ್ಕಿಂತ ಸಲೀಸಾದ ಗುರುಗಳೂ ಇದ್ದರು. ಥಿಯಾಸಫಿ ಅನ್ನೋ ಅಧ್ಯಾತ್ಮ ಸಂಘದವರ ಮಹಾತ್ಮರು, ಮೋರ್ಯ ಮತ್ತು ಕೂಟ್ ಹೂಮಿ. ಇರುವುದು ಟಿಬೆಟ್ ಕಡೆಯಂತೆ, ಮಾತೆಲ್ಲ ಕಾಗದದಲ್ಲಿ. 1880ರ ದಶಕದಲ್ಲಿ ಆ ಕಾಗದಗಳು ಒಮ್ಮೊಮ್ಮೆ ಸೂರಿನಿಂದಲೇ ಉದುರುತ್ತಿದ್ದವಂತೆ. 1885ರಲ್ಲಿ ಹಾಡ್ಜ್‌ಸನ್ ಎಂಬಾತ ತನಿಖೆ ಮಾಡಿ, ಎಲ್ಲ ಆ ಸಂಘ ಕಟ್ಟಿದವರಲ್ಲೊಬ್ಬರಾದ ಬ್ಲಾವಟ್ಸ್ಕಿ ಅಮ್ಮನ ಕೈಚಳಕ ಅಂತ ವರದಿ ಬರೆದ. ಆದರೂ ಶಿಷ್ಯರು ನಂಬಿದರು. ನಮ್ಮ ಪಕ್ಕದ ಮದನಪಲ್ಲಿಯಲ್ಲಿ ಹುಟ್ಟಿದ ಹುಡುಗ ಕೃಷ್ಣಮೂರ್ತಿಯನ್ನು 1909ರಲ್ಲಿ ಮದ್ರಾಸಿನ ಅಡ್ಯಾರ್‌ನಲ್ಲಿ ಕಂಡು, ಇವನೇ ಜಗದ್ಗುರು ಆಗುವವನು ಅಂದರು. 1929ರಲ್ಲಿ ಆತ ಹಾಲೆಂಡಿನ ಒಮ್ಮೆನ್‌ನಲ್ಲಿ ಮೂರು ಸಾವಿರ ಜನರ ಮುಂದೆ ತನಗಾಗಿ ಕಟ್ಟಿದ್ದ ಸಂಘವನ್ನೇ ಮುಚ್ಚಿದ. ಸತ್ಯಕ್ಕೆ ದಾರಿಯಿಲ್ಲ, ನನಗೆ ಶಿಷ್ಯರು ಬೇಡ ಅಂತ.

ಎಲ್ಲರೂ ಆತನ ಧೈರ್ಯ ಹೊಗಳುತ್ತಾರೆ. ನನಗೆ ಆ ಮೂರು ಸಾವಿರ ಜನರದ್ದೇ ಯೋಚನೆ. ಮಾರನೇ ದಿನ ಎದ್ದು ಏನು ಮಾಡಿದರೋ ಪಾಪ.

ಯಾಕೆ ಗೊತ್ತಾ? ಅಪ್ಪ ಹೋದ ಮೇಲೆ ಮನೆಯಲ್ಲಿ ಎಲ್ಲದಕ್ಕೂ ನನ್ನ ಮುಖ ನೋಡುತ್ತಾರೆ. ತೋಟ ಇಟ್ಟುಕೊಳ್ಳೋದಾ ಮಾರೋದಾ? ತಂಗಿಗೆ ಬಂದ ಸಂಬಂಧಕ್ಕೆ ಏನು ಹೇಳೋದು? ನಾನು ಗೊತ್ತಿರುವವನ ಹಾಗೆ ತಲೆ ಆಡಿಸುತ್ತೇನೆ. ಆಮೇಲೆ ರಾತ್ರಿ ನಿದ್ದೆ ಬರಲ್ಲ. ಯಾರಾದರೂ ಬಂದು, ಸುಮ್ನಿರು, ಇದನ್ನು ಬಾಯಲ್ಲಿಟ್ಟುಕೊಂಡು ಅಲ್ಲಿ ಕೂತ್ಕೋ ಅಂದರೆ ಸಾಕು ಅನ್ನಿಸುತ್ತದೆ. ಆ ಹೊತ್ತಿಗೆ ಬಂದವನು ಕಳ್ಳಸ್ವಾಮಿಯಾದರೂ ಕಾಲು ಹಿಡಿದುಬಿಡುತ್ತೇನೇನೋ. ಹಾಸ್ಟೆಲ್ಲಿನಲ್ಲಿ ಎಲ್ಲರ ಗುರುಗಳನ್ನೂ ಆಡಿಕೊಂಡು ನಕ್ಕವನು ನಾನೇ ಅಲ್ವಾ?

ಸರಿ ಬಿಡು, ಇದು ಜಾಸ್ತಿಯಾಯ್ತು. ನೀನೂ ಮಹಾತ್ಮರ ಜಾತಿಯವನೇ. ಕಾಣಿಸುವುದಿಲ್ಲ, ಬರೀ ನೀಲಿ ಟಿಕ್ ಬರುತ್ತದೆ.

ಬುಧವಾರ ಬೋರ್ ಪಾಯಿಂಟ್ ನೋಡುವವನು ಬರುತ್ತಾನೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ನಡೆಯುತ್ತಾನಂತೆ, ಕಾಯಿ ಎದ್ದು ನಿಂತ ಕಡೆ ನೀರಂತೆ. ನಾನು ಹಿಂದೆ ಹಿಂದೆ ಹೋಗುತ್ತೇನೆ. ಫೀಸು ಮೊದಲೇ ಕೊಡಬೇಕಂತೆ.

ನಿನ್ನ,
ಸಂಘದ ಖಜಾಂಚಿ