ಗುಂಡನನ್ನು ಕೊಡುವ ಮುಂಚೆ

ಪ್ರೀತಿಯ ಪುಟ್ಟಿ,

ಯಾರೋ ರಸ್ತೆಯಲ್ಲಿ ಬಿಟ್ಟುಹೋದ ನಾಯಿ ಗುಂಡ ನಿನಗೆ ಎಲ್ಲಿ ಸಿಕ್ಕ, ಒಳ್ಳೆಯ ಮನೆ ಸಿಗುವವರೆಗೆ ಮಾತ್ರ ಸಾಕುತ್ತಿರುವ ನೀನೇ ಯಾಕೆ ಅವನನ್ನು ಇಟ್ಟುಕೊಳ್ಳುವ ಹಾಗಿಲ್ಲ, ಇದೆಲ್ಲ ನಮಗೆ ಗೊತ್ತಿರುವುದೇ. ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಬೇರೆಯವರ ಕೈಗೆ ಕೊಟ್ಟ ದಿನ, ಇವಳೂ ನನ್ನನ್ನು ಬಿಟ್ಟಳು ಅಂದುಕೊಳ್ತಾನೆ ಅಲ್ವಾ ದೊಡ್ಡಮ್ಮ?" ಅಂತ. ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಕೊಟ್ಟ ಮೇಲೆ ಕೆಲವು ದಿನ ಅವನು ಬಾಗಿಲು ಕಾಯುತ್ತಾನೆ. ಸರಿಯಾಗಿ ತಿನ್ನದೆ ಇರಬಹುದು. ಹೊಸ ಮನೆಯವರು ಕರೆದರೆ ಮೂಲೆ ಸೇರಬಹುದು, ಇಲ್ಲದಿದ್ದರೆ ಮನೆಯೆಲ್ಲ ಸುಮ್ನೆ ಸುತ್ತಬಹುದು. ನಾಯಿಗೆ ಏನು ಗೊತ್ತಾಗುತ್ತೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ "ಬಿಟ್ಟಳು" ಎಂದು ಬರೆದಿದ್ದೀಯಲ್ಲ, ಅಲ್ಲಿ ನಿನಗೆ ನೀನೇ ಅನ್ಯಾಯ ಮಾಡಿಕೊಳ್ಳುತ್ತಿದ್ದೀಯ. ಅವನನ್ನು ರಸ್ತೆಯಲ್ಲಿ ಬಿಟ್ಟುಹೋದವರು ಅವನ ಮುಂದಿನ ಊಟ ಎಲ್ಲಿ ಎಂದು ಯೋಚಿಸಲಿಲ್ಲ. ನೀನಾದರೆ, ಅವನನ್ನು ನೋಡಲು ಬಂದವರ ಹತ್ತಿರ ಕಾಂಪೌಂಡ್ ಎಷ್ಟು ಎತ್ತರ ಇದೆ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದೆಲ್ಲ ಕೇಳುತ್ತಿದ್ದೀಯ. ಇವೆರಡೂ ಒಂದೇನಾ?

ನಮ್ಮ ಕರಿಯನ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಿನ್ನ ಅಮ್ಮ ಆಗಿನ್ನೂ ತೊಟ್ಟಿಲಲ್ಲಿದ್ದಳು. ನಿನ್ನ ಅಜ್ಜನಿಗೆ ವರ್ಗವಾಯಿತು, ಹೋಗುವ ಮನೆಯಲ್ಲಿ ನಾಯಿ ಇಡುವ ಹಾಗಿರಲಿಲ್ಲ. ನಾನು ಶಾಲೆಯಿಂದ ಬರುವಾಗ ಅವನ ಸರಪಳಿ ಕಂಬದ ಹತ್ತಿರ ಬಿದ್ದಿತ್ತು. "ಒಳ್ಳೆಯವರ ಮನೆಗೆ ಕೊಟ್ಟಿದ್ದೀವಿ" ಎಂದರು, ಅಷ್ಟೇ. ಯಾರ ಮನೆ ಎಂದು ನಾನು ಕೇಳಲಿಲ್ಲ. ಆಗ ದೊಡ್ಡವರನ್ನು ಹಾಗೆಲ್ಲ ಕೇಳುವ ಧೈರ್ಯ ಇರಲಿಲ್ಲ. ಕರಿಯನಿಗೆ ಗುಡುಗು ಎಂದರೆ ಜೀವಭಯ. ಮಂಚದ ಕೆಳಗೆ ಸೇರಿ, ನನ್ನ ಅಂಗೈಯೊಳಗೆ ಮೂತಿ ತುರುಕಿ, ನಾನು ಇನ್ನೊಂದು ಕೈಯಿಂದ ಅವನ ಕಿವಿ ಮುಚ್ಚುವವರೆಗೂ ನಡುಗುತ್ತಿದ್ದ. ಇದನ್ನು ಆ ಮನೆಯವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಇಷ್ಟು ವಯಸ್ಸಾದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವನನ್ನು ಕೊಟ್ಟರು ಎಂದು ಅಷ್ಟೊಂದು ಬೇಜಾರಿಲ್ಲ ಪುಟ್ಟಿ. ಯಾರೂ ಒಂದು ಸಲ ಹೋಗಿ ನೋಡಿ ಬರಲಿಲ್ಲವಲ್ಲ, ಅದೇ ಬೇಜಾರು.

ಆಮೇಲೆ ನಾನು ನಾಯಿ ಸಾಕಲೇ ಇಲ್ಲ. ನಿಮ್ಮ ದೊಡ್ಡಪ್ಪ ಎಷ್ಟೋ ಸಲ ಕೇಳಿದರು, ಅವರಿಗೆ ನಾಯಿ ಎಂದರೆ ಪ್ರಾಣ. ಮನೆ ಗಲೀಜಾಗುತ್ತೆ ಎಂದು ಹೇಳಿ ತಳ್ಳಿಹಾಕುತ್ತಿದ್ದೆ. ನಿಜವಾದ ಕಾರಣ ಹೇಳಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇನೋ. ಈಗ ಹೇಳಲು ಅವರೂ ಇಲ್ಲ.

ಎಲ್ಲಿಗೋ ಹೋದೆ. ನಿನ್ನ ಪ್ರಶ್ನೆಗೇ ಬರುತ್ತೇನೆ. ನಿನ್ನೆ ಮೊಮ್ಮಗನ ಕೈಲಿ ಹುಡುಕಿಸಿ ಓದಿದೆ. 2001ರಲ್ಲಿ ಹಂಗೇರಿಯ ಸಂಶೋಧಕರು ಆಶ್ರಯ ಕೇಂದ್ರಗಳಲ್ಲಿದ್ದ ಬೆಳೆದ ನಾಯಿಗಳ ಜೊತೆ ಒಂದು ಪ್ರಯೋಗ ಮಾಡಿದ್ದರಂತೆ. ಗುರುತಿಲ್ಲದ ಒಬ್ಬರು ನಾಯಿಯ ಜೊತೆ 10 ನಿಮಿಷದಂತೆ 3 ಸಲ ಕಳೆದರು. ಅಷ್ಟಕ್ಕೇ ಆ ನಾಯಿಗಳು ಅವರನ್ನು ಹಚ್ಚಿಕೊಳ್ಳಲು ಶುರು ಮಾಡಿದವಂತೆ. ಎಲ್ಲರೂ ಕೈಬಿಟ್ಟ ನಾಯಿಗಳು ಅವು! ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳದ್ದೂ ಹೀಗೇ ಅಲ್ವಾ? ಮರಿಯಾಗಿದ್ದಾಗ ಒಂದು ಮನೆಯವರು ವರ್ಷ, ಅದಕ್ಕಿಂತ ಜಾಸ್ತಿಯೇ ಸಾಕುತ್ತಾರೆ. ಆಮೇಲೆ ತರಬೇತಿಗೆ ಕಳಿಸುತ್ತಾರೆ, ಅಲ್ಲಿಂದ ಇನ್ನೊಬ್ಬರ ಜೊತೆಗೆ ಹೋಗುತ್ತದೆ. ಆ ನಾಯಿ ಹೊಸಬರನ್ನು ನಂಬದೆ ಇದ್ದರೆ ಅವರು ರಸ್ತೆ ದಾಟುವುದು ಹೇಗೆ? ಮೊದಲು ಸಾಕಿದ ಮನೆಯಲ್ಲಿ ಮನುಷ್ಯರನ್ನು ನಂಬುವುದು ಕಲಿತಿರುತ್ತದೆ. ಗುಂಡನಿಗೆ ಅದನ್ನು ಕಲಿಸಿದವಳು ನೀನು.

ಹಾಗಾದರೆ ನನ್ನನ್ನು ಮರೆತೇಬಿಡ್ತಾನಾ ಎಂದು ಈಗ ಅನಿಸುತ್ತಿರಬೇಕು. ನೆನಪಿಟ್ಟುಕೊಂಡರೆ ಅವನಿಗೆ ನೋವು, ಮರೆತರೆ ನಿನಗೆ ನೋವು. ನೋಡಲು ಬಂದವರು ಅವನ ಹಾರಾಟ ಕಂಡು ವಾಪಸ್ ಹೋದಾಗ ಒಳಗೊಳಗೇ ಸಮಾಧಾನವಾಯಿತು ಎಂದೂ ಬರೆದಿದ್ದೀಯ. ಅದಕ್ಕೆ ನಾನು ಬೈಯುವುದಿಲ್ಲ. ಹಾಗೆ ಅನಿಸದೆ ಇದ್ದಿದ್ದರೆ ನೀನು ಅವನನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುತ್ತಲೂ ಇರಲಿಲ್ಲ.

ಆದರೆ ಆ ಹಾರಾಟದ ಬಗ್ಗೆ ಒಂದು ಮಾತು. ಡಾಕ್ಟರ್ ಅವನಿಗೆ 9-10 ತಿಂಗಳು ಇರಬಹುದು ಎಂದರಂತಲ್ಲ. ಅದು ಪ್ರಾಯಕ್ಕೆ ಬರುವ ವಯಸ್ಸು. 2020ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ನೋಡಿದಾಗ, 5 ತಿಂಗಳಲ್ಲಿ "ಕೂರು" ಎಂದರೆ ಕೂರುತ್ತಿದ್ದ ನಾಯಿಗಳು 8 ತಿಂಗಳಿಗೆ ಬಂದಾಗ ಸಾಕಿದವರ ಮಾತನ್ನೇ ಕಡಿಮೆ ಕೇಳುತ್ತಿದ್ದವಂತೆ. ಬೇರೆಯವರ ಮಾತನ್ನು ಹಾಗೆ ತಳ್ಳಿಹಾಕುತ್ತಿರಲಿಲ್ಲವಂತೆ. ವರ್ಷ ತುಂಬುವ ಹೊತ್ತಿಗೆ ಮತ್ತೆ ದಾರಿಗೆ ಬಂದವು. ಹಾಗಾಗಿ ಗುಂಡ ಚಪ್ಪಲಿ ಕಚ್ಚಿಕೊಂಡು ಸೋಫಾ ಮೇಲಿಂದ ಹಾರಿದರೆ ಅವನು ಕೆಟ್ಟವನಲ್ಲ, ನೀನು ಸರಿಯಾಗಿ ಸಾಕಲಿಲ್ಲ ಎಂದೂ ಅಲ್ಲ. ಬಂದವರಿಗೆ ಇದನ್ನು ಹೇಳು. ಮುಚ್ಚಿಡಬೇಡ. ಅವರು ಬರುವ ಮುಂಚೆ ಅವನನ್ನು ಒಂದು ಸುತ್ತು ಕರೆದುಕೊಂಡು ಹೋಗು, ಎಳೆದುಕೊಂಡು ನಡೆಯದೆ ಅವನಿಗೆ ಬೇಕಾದಷ್ಟು ಮೂಸಲು ಬಿಡು. ಮೂಸುವುದರಿಂದಲೂ ನಾಯಿಗೆ ದಣಿವಾಗುತ್ತದೆ. ಇದೆಲ್ಲ ನಿನಗೇ ಗೊತ್ತಿರಬಹುದು.

ಬಿಟ್ಟಳು ಎಂದುಕೊಳ್ಳುತ್ತಾನೆ ಎಂಬ ನಿನ್ನ ಭಯಕ್ಕೆ ನನಗೆ ತೋಚುವ ಉತ್ತರ ಇಷ್ಟೇ. ಅವನು ಹೊಸ ಮನೆಗೆ ಹೋಗುವಾಗ ಅವನ ವಿಷಯ ಎಲ್ಲವೂ ಅವನ ಜೊತೆಗೇ ಹೋಗಲಿ. ಒಂದು ಹಾಳೆಯಲ್ಲಿ ಬರೆದುಕೊಡು. ಯಾವುದಕ್ಕೆ ಹೆದರುತ್ತಾನೆ, ಎಲ್ಲಿ ಕೆರೆದರೆ ಇಷ್ಟ, ಯಾವ ಲಸಿಕೆ ಯಾವಾಗ ಆಯಿತು, ಹೊರಗೆ ಹೋಗಬೇಕು ಅನಿಸಿದಾಗ ಏನು ಮಾಡುತ್ತಾನೆ. ಅವನು ಮಲಗುವ ಬೆಡ್‌ಶೀಟ್ ಒಗೆಯದೆ ಹಾಗೇ ಕೊಡು, ನಿನ್ನ ವಾಸನೆ ಇರಲಿ. ಹೆಸರು ಬದಲಿಸಬೇಡಿ ಎಂದು ಕೇಳಿನೋಡು, ಒಪ್ಪಿದರೆ ಒಳ್ಳೆಯದು. ಮೊದಲ ವಾರಗಳಲ್ಲಿ ಗೇಟು ತೆಗೆದಾಗ ಜೋಪಾನ ಎಂದು ಹೇಳು. ಇಂಥ ಚುರುಕು ನಾಯಿಗಳು ಹೊಸ ಮನೆಯಲ್ಲಿ ಗಾಬರಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನುಸುಳಿಬಿಡುತ್ತವೆ. ಕೊರಳಪಟ್ಟಿಗೆ ಫೋನ್ ನಂಬರ್ ಇರಲಿ. ನಾಯಿ ರಕ್ಷಣೆ ಮಾಡುವವರು 3 ದಿನ, 3 ವಾರ, 3 ತಿಂಗಳು ಎಂದು ಒಂದು ಲೆಕ್ಕ ಹೇಳುತ್ತಾರೆ. ಮೊದಲು ಗಾಬರಿ ಇಳಿಯಲು, ಆಮೇಲೆ ಮನೆಯ ಕ್ರಮ ಕಲಿಯಲು, ಕೊನೆಗೆ ಇದು ನನ್ನ ಮನೆ ಎಂದು ಅನಿಸಲು. ಎಲ್ಲ ನಾಯಿಗೂ ಹಾಗೇ ಆಗಬೇಕೆಂದಿಲ್ಲ. ಆದರೂ ಮೊದಲ ವಾರವೇ ಯಾರೂ ಕೈಚೆಲ್ಲಬಾರದು ನೋಡು, ಅದಕ್ಕೆ ಹೇಳಿದೆ.

ಇನ್ನೊಂದು. ಅವರಿಗೆ ಸಾಧ್ಯವಾಗದೆ ಹೋದರೆ ಬೇರೆ ಯಾರಿಗೂ ದಾಟಿಸದೆ ನಿನಗೇ ತಂದು ಕೊಡಬೇಕು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೋ. ನಾಚಿಕೆ ಪಡಬೇಡ. ಸಾಕುವ ಮನಸ್ಸಿರುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಫೋಟೋ ಕಳಿಸಿ ಎಂದು ಕೇಳು. ಅವನು ಅಲ್ಲಿ ಒಗ್ಗಿದ ಮೇಲೆ ಹೋಗಿ ನೋಡಿಕೊಂಡು ಬಾ. ಒಬ್ಬಳೇ ಹೋಗಲು ಕಷ್ಟ ಅನಿಸಿದರೆ ನಾನೂ ಬರುತ್ತೇನೆ, ನನಗೂ ಅವನನ್ನು ನೋಡಬೇಕು.

ಭಾನುವಾರ ಬರುವ ಆ ಗಂಡ ಹೆಂಡತಿ ಹೇಗೆ ಅನಿಸಿದರು ಎಂದು ಫೋನ್ ಮಾಡಿ ಹೇಳು. ಬೆಳಿಗ್ಗೆ ಓಡುವ ಅಭ್ಯಾಸ ಇರುವವರು ಎಂದಿದ್ದೀಯಲ್ಲ, ನನಗ್ಯಾಕೋ ಅವರ ಮೇಲೆ ಆಸೆ ಇದೆ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ
ದೊಡ್ಡಮ್ಮ