ಮಣ್ಣಿನ ಚೀಲದ ಗೋಡೆ: ಮೊದಲು ನೀರಿಗೆ ದಾರಿ ಮಾಡಿ

ಸಂಪಾದಕರಿಗೆ,

ಮಣ್ಣು ತುಂಬಿದ ಚೀಲಗಳಿಂದ ಗೋಡೆ ಕಟ್ಟಿ, ಹೊರಗಿನಿಂದ ಮಣ್ಣು ಏರಿಸಿ ಉಗ್ರಾಣವನ್ನೋ ಪುಟ್ಟ ಕೋಣೆಯನ್ನೋ ಮಾಡಿಕೊಳ್ಳುವ ಬಗ್ಗೆ ಬರಹಗಳು ಬರುತ್ತಿವೆ. ಬರಲಿ, ಒಳ್ಳೆಯ ವಿದ್ಯೆ. ಆದರೆ ಚೀಲ ತುಂಬುವುದನ್ನು ವಿವರವಾಗಿ ಹೇಳುವವರು ಗೋಡೆಯ ಹಿಂದೆ ನಿಲ್ಲುವ ನೀರಿನ ಮಾತೇ ಎತ್ತುವುದಿಲ್ಲ. ಇಂಥ ಕಟ್ಟಡಗಳು ಕೆಡುವುದು ಹೆಚ್ಚಾಗಿ ಅದರಿಂದಲೇ.

ಇರಾನ್ ಮೂಲದ ವಾಸ್ತುಶಿಲ್ಪಿ ನಾದರ್ ಖಲೀಲಿ, 1984ರಲ್ಲಿ ಚಂದ್ರನೆಲೆಗಳ ಕುರಿತ ವಿಚಾರಸಂಕಿರಣದಲ್ಲಿ ಮಣ್ಣಿನ ಕಟ್ಟಡಗಳ ವಿಚಾರ ಮಂಡಿಸಿದರು. ಮುಂದೆ ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾದಲ್ಲಿ ಚೀಲದ ಗುಮ್ಮಟಗಳನ್ನು ಕಟ್ಟಿ ತೋರಿಸಿದರು. ಅದು ಮರುಭೂಮಿಯ ಒಣನೆಲ. ಅಂಥದ್ದನ್ನೇ ಒದ್ದೆ ನೆಲದೊಳಗೆ ಹೂಳಿದರೆ ಲೆಕ್ಕ ಬೇರೆಯಾಗುತ್ತದೆ. ಗೋಡೆಯ ಹಿಂದಿನ ಮಣ್ಣಿನ ಎತ್ತರ ಎರಡರಷ್ಟಾದರೆ ಒಟ್ಟು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಅದೇ ಮಣ್ಣಿನಲ್ಲಿ ನೀರು ತುಂಬಿ ನಿಂತರೆ ಆ ಬಲ ಮತ್ತೆ ಎರಡು ಪಟ್ಟು ಮೀರುತ್ತದೆ.

ಆದ್ದರಿಂದ ಚೀಲ ಮುಟ್ಟುವ ಮೊದಲೇ ಬಸಿಗಾಲುವೆಯ ಕೆಲಸ ಆಗಬೇಕು. ಗೋಡೆಯ ಹೊರಬುಡದಲ್ಲಿ, ಒಳಗಿನ ನೆಲಕ್ಕಿಂತ ಕೆಳಗೆ, 4 ಇಂಚಿನ ತೂತುಕೊಳವೆ ಹಾಕಿ 100 ಅಡಿಗೆ 1 ಅಡಿಯಂತೆ ಇಳಿಜಾರು ಕೊಡಿ. ಅದರ ತುದಿ ತಗ್ಗಿನಲ್ಲಿ ಬಯಲಿಗೆ ತೆರೆದುಕೊಳ್ಳಲೇಬೇಕು. ಅಂಥ ತಗ್ಗು ಸಿಗದ ಜಾಗದಲ್ಲಿ ಹೂಳುವ ಯೋಚನೆ ಬಿಟ್ಟು, ನೆಲದ ಮೇಲೆ ಕಟ್ಟಿ ಸುತ್ತ ಮಣ್ಣು ಏರಿಸುವುದು ಲೇಸು. ಕೊಳವೆಯ ಮೇಲೆ, ಗೋಡೆಗೆ ತಾಗಿದಂತೆ, ಒಂದು ಅಡಿ ಅಗಲಕ್ಕೆ ಜಲ್ಲಿ ತುಂಬಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುಬಟ್ಟೆ ಇಡಿ. ಅದಿಲ್ಲದಿದ್ದರೆ ನುಣುಪು ಮಣ್ಣು ಇಳಿದು ಕೊಳವೆ ಕಟ್ಟಿಕೊಳ್ಳುತ್ತದೆ.

ಆಕಾರ ದುಂಡಗಿರಲಿ. ದುಂಡು ಗೋಡೆಯನ್ನು ಹೊರಗಿನ ಮಣ್ಣು ಒತ್ತಿದಷ್ಟೂ ಚೀಲಗಳು ಒಂದಕ್ಕೊಂದು ಬಿಗಿಯುತ್ತವೆ. ನೇರ ಗೋಡೆ ನಡುವಿನಲ್ಲಿ ಒಳಕ್ಕೆ ಹೊಟ್ಟೆ ಬಿಡುತ್ತದೆ. ಒಳವ್ಯಾಸ 10 ಅಡಿ, ಎತ್ತರ 7 ಅಡಿ ಇದ್ದರೆ, ದಿಮ್ಮಸು ಹೊಡೆದ ಚೀಲ 15 ಇಂಚು ಅಗಲ, 22 ಇಂಚು ಉದ್ದ, 5 ಇಂಚು ದಪ್ಪ ಎಂದಿಟ್ಟುಕೊಂಡು, ಬಾಗಿಲು ಬಿಟ್ಟು ವರಸೆಗೆ (ಚೀಲಗಳ ಒಂದು ಸುತ್ತಿಗೆ) 18ರಂತೆ 17 ವರಸೆ. ಹರಿದು ಹಾಳಾಗುವವೂ ಸೇರಿ 330 ಪಾಲಿಪ್ರೊಪಿಲೀನ್ ಚೀಲ (ಕೆಳಗಿನ ವರಸೆಗಳ ಜೋಡಿಚೀಲಕ್ಕೆ ಬೇಕಾದವು ಬೇರೆ), 350 ಮೀಟರ್ ಮುಳ್ಳುತಂತಿ ಬೇಕು. ಒಂದೊಂದು ಚೀಲ 50 ಕೆ.ಜಿ. ತೂಗುತ್ತದೆ. ಕೆಳಗೆ ತುಂಬಿ ಎತ್ತಬೇಡಿ. ಗೋಡೆಯ ಮೇಲೆಯೇ ಇಟ್ಟು ಬಕೆಟ್ಟಿನಿಂದ ತುಂಬಿ.

ಮಣ್ಣಿನಲ್ಲಿ ಜೇಡಿ ಮೂರರಲ್ಲೊಂದು ಪಾಲು ಮೀರಬಾರದು, ಉಳಿದದ್ದು ಮರಳು. ಹಿಂಡಿದರೆ ಉಂಡೆಯಾಗಬೇಕು, ಕೈ ಒದ್ದೆಯಾಗಬಾರದು. ಕೆಳಗಿನ ವರಸೆಗಳಿಗೆ ಮಾತ್ರ ಜೋಡಿಚೀಲದಲ್ಲಿ (ಒಂದರೊಳಗೊಂದು ಇಟ್ಟ ಎರಡು ಚೀಲದಲ್ಲಿ) ಜಲ್ಲಿ ತುಂಬಿ, ಆಗ ತೇವ ಮೇಲೇರದು. ಪ್ರತಿ ವರಸೆಯ ಸಂದು ಕೆಳಗಿನ ಚೀಲದ ನಡುವಿಗೆ ಬರಲಿ. ವರಸೆಗಳ ನಡುವೆ ಎರಡು ಎಳೆ ಮುಳ್ಳುತಂತಿ ಓಡಿಸಿ. ಅದು ಚೀಲ ಜಾರದಂತೆ ಹಿಡಿಯುತ್ತದೆ, ಹಾಗಾಗಿ ಒಂದು ಎಳೆ ಉಳಿಸುವ ಆಸೆ ಬೇಡ. ಕಟ್ಟುವಾಗ ಗೋಡೆಯನ್ನು ಟಾರ್ಪಾಲಿನಿಂದ ಮುಚ್ಚಿಡಿ, ಕೆಲವೇ ತಿಂಗಳ ಬಿಸಿಲಿಗೆ ಈ ಚೀಲ ಪುಡಿಪುಡಿಯಾಗುತ್ತದೆ.

ಆತುರದ ತಪ್ಪು ಇನ್ನೊಂದಿದೆ: ಚಾವಣಿ ಕೂರುವ ಮೊದಲೇ ಹೊರಗೆ ಮಣ್ಣು ತುಂಬುವುದು. ಗೋಡೆಯ ತಲೆಯ ಮೇಲೆ ಸುತ್ತಲೂ ಎರೆದ ಕಾಂಕ್ರೀಟ್ ಉಂಗುರತೊಲೆ ಗಟ್ಟಿಯಾಗಿ, ಚಾವಣಿ ಕೂತು, ಹೊರಮೈಗೆ ಗಿಲಾವು ಮಾಡಿ ನೀರುತಡೆ ಹಾಳೆ ಹೊದಿಸಿದ ಮೇಲಷ್ಟೇ 6 ಇಂಚಿನ ಪದರಗಳಲ್ಲಿ ಸುತ್ತಲೂ ಸಮವಾಗಿ ತುಂಬಿ. ಒಂದೇ ಕಡೆ ರಾಶಿ ಸುರಿದರೆ ಗೋಡೆ ಓರೆಯಾಗುತ್ತದೆ. ಒದ್ದೆಯಾದರೆ ಉಬ್ಬುವ ಜೇಡಿಯನ್ನು ಗೋಡೆಯ ಪಕ್ಕಕ್ಕೆ ಹಾಕಲೇಬೇಡಿ. ಚಾವಣಿಯ ಮೇಲೆ ಒಂದು ಅಡಿ ಒದ್ದೆ ಮಣ್ಣೆಂದರೆ ಚದರ ಮೀಟರಿಗೆ ಸುಮಾರು 600 ಕೆ.ಜಿ. ಭಾರ, ಅದನ್ನು ಹೊರುವ ತೊಲೆಗಳ ಲೆಕ್ಕವನ್ನು ಎಂಜಿನಿಯರ್ ಕೈಯಲ್ಲೇ ಮಾಡಿಸಬೇಕು. ಒಳಗೆ ತೇವ ಹನಿಯುವುದು ಕಡಿಮೆಯಾಗಲು ನೆಲದ ಬಳಿ ಒಂದು, ಎದುರು ಬದಿಯ ಮೇಲ್ಗಡೆ ಒಂದು ಗಾಳಿಕೊಳವೆ ಇಡಿ.

ಇಂಥ ಬರಹಗಳನ್ನು ಪ್ರಕಟಿಸುವಾಗ ಗುಮ್ಮಟದ ಫೋಟೊ ಜೊತೆಗೆ ಗೋಡೆಯ ಹಿಂಬದಿಯ ಅಡ್ಡಸೀಳು ನಕ್ಷೆಯನ್ನೂ ಅಚ್ಚು ಹಾಕಿ ಎಂದು ಕೋರುತ್ತೇವೆ. ಕೊಳವೆ ಎಷ್ಟು ಆಳದಲ್ಲಿದೆ, ನೀರು ಎಲ್ಲಿ ಹೊರಬೀಳುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣಲಿ.

ಇಂತಿ,
ಮಣ್ಣಿನ ಕಟ್ಟಡ ಕೆಲಸದ ಓದುಗರು