ಲುವೆರೋ ಹಳ್ಳಿಗರನ್ನು ಬಿಟ್ಟು ಉಗಾಂಡಾ ಚರಿತ್ರೆ ಬೇಡ

ಮಾನ್ಯರೇ,

ಭಾನುವಾರದ ಪುರವಣಿಯ ಲೇಖನ 1986ರ ಉಗಾಂಡಾ ಗೆರಿಲ್ಲಾ ಗೆಲುವನ್ನೆಲ್ಲ ಬಂಡುಕೋರ ನಾಯಕ ಮುಸೆವೆನಿ ಒಬ್ಬರ ಲೆಕ್ಕಕ್ಕೆ ಬರೆದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಬಳ್ಳಾರಿಯ ಮಕ್ಕಳು ಇಂಥ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಈ ಪತ್ರ.

1981ರ ಫೆಬ್ರವರಿ 6ರಂದು ಕಬಾಂಬಾ ಸೇನಾ ತರಬೇತಿ ಶಾಲೆಯ ಮೇಲೆ 27 ಬಂದೂಕು ಹಿಡಿದು ಮುಸೆವೆನಿ ತಂಡ ನಡೆಸಿದ ಮೊದಲ ದಾಳಿ ಗುರಿ ಮುಟ್ಟಲಿಲ್ಲ. ಬೇಕಿದ್ದುದು ನೆಲಮಾಳಿಗೆಯ ಶಸ್ತ್ರಾಗಾರ. ಒಳಗಿದ್ದ ಕಾವಲುಗಾರ ಗುಂಡು ಹಾರಿಸುತ್ತಲೇ ಇದ್ದುದರಿಂದ ಅದರೊಳಗೆ ಇಳಿಯಲಾಗಲಿಲ್ಲ. ಒಂದಷ್ಟು ವಾಹನ, ಕೆಲವೇ ಬಂದೂಕು ಸಿಕ್ಕವು.

ಆಮೇಲೆ ಈ ಬಂಡುಕೋರರು ನೆಲೆ ನಿಂತದ್ದು ರಾಜಧಾನಿ ಕಂಪಾಲಾದ ಉತ್ತರಕ್ಕಿರುವ ಲುವೆರೋ ಸೀಮೆಯಲ್ಲಿ. ಪಕ್ಕದ ದೇಶಕ್ಕೆ ದಾಟಿ ಅಡಗಲು ಅಲ್ಲಿ ಗಡಿ ಹತ್ತಿರವಿಲ್ಲ. ಊಟ, ಸುದ್ದಿ, ದಾರಿ ತೋರಿಸುವುದು ಎಲ್ಲವೂ ಊರವರಿಂದಲೇ ಆಗಬೇಕಿತ್ತು. ಅಲ್ಲಿನ ಬಗಾಂಡಾ ಜನರಿಗೆ ಆಗಿನ ಅಧ್ಯಕ್ಷ ಒಬೊಟೆ ಮೇಲೆ ಹಳೆಯ ಸಿಟ್ಟು: 1966ರಲ್ಲಿ ಒಬೊಟೆಯ ಸೈನ್ಯ ಬಗಾಂಡಾ ಅರಸ ಕಬಾಕನ ಅರಮನೆಗೆ ನುಗ್ಗಿತ್ತು, ಮರುವರ್ಷ ಅರಸೊತ್ತಿಗೆಯೇ ರದ್ದಾಯಿತು. ಒಬೊಟೆ ಮತ್ತೆ ಅಧಿಕಾರಕ್ಕೆ ಬಂದ 1980ರ ಡಿಸೆಂಬರ್ ಚುನಾವಣೆಯಲ್ಲಿ ಮೋಸವಾಗಿದೆ ಎಂಬ ಕೋಪವೂ ಸೇರಿತು. ಆದರೆ ಸಿಟ್ಟಿದ್ದ ಮಾತ್ರಕ್ಕೆ ಜನ ವರ್ಷಗಟ್ಟಲೆ ಅನ್ನ ಹಾಕುವುದಿಲ್ಲ. ಊರೂರಲ್ಲಿ ಗುಟ್ಟಾಗಿ ಸಮಿತಿ ಕಟ್ಟಿ, ಆಹಾರ ಕೂಡಿಸುವುದು, ಸೈನ್ಯದ ಓಡಾಟದ ಸುದ್ದಿ ಮುಟ್ಟಿಸುವುದು, ಊರ ವ್ಯಾಜ್ಯ ಬಗೆಹರಿಸುವುದನ್ನು ಅವಕ್ಕೇ ಒಪ್ಪಿಸಿದರು. ಮುಂದೆ ಒಂಬತ್ತು ಜನರ ಗ್ರಾಮ ಪ್ರತಿರೋಧ ಸಮಿತಿಗಳಿಗೆ ಇವೇ ಬುನಾದಿ. ಹಳ್ಳಿಗರನ್ನು ಕೊಂದ ಹೋರಾಟಗಾರನಿಗೆ ಮರಣದಂಡನೆ ಎಂಬ ಕಟ್ಟುಪಾಡೂ ಇತ್ತು. ನಮ್ಮ ಲೆಕ್ಕದಲ್ಲಿ ಗೆಲುವಿನ ಮುಖ್ಯ ಕಾರಣ ಇದೇ.

ಹೋಲಿಕೆಗೆ ಇನ್ನೊಂದು ಬಂಡುಕೋರ ಗುಂಪಾದ, ಕಯೀರಾ ಅವರ ಉಗಾಂಡಾ ಸ್ವಾತಂತ್ರ್ಯ ಚಳವಳಿಯನ್ನು ನೋಡಿ. ಅದಕ್ಕೂ ಬಗಾಂಡಾ ಬೆಂಬಲವಿತ್ತು. 1982ರ ಫೆಬ್ರವರಿಯಲ್ಲಿ ನೇರವಾಗಿ ಕಂಪಾಲಾದ ಲುಬಿರಿ ಸೇನಾ ನೆಲೆಗೇ ಕೈ ಹಾಕಿ ಸೋತಿತು. ಹಿಂದೆ ಸರಿದು ಸುಧಾರಿಸಿಕೊಳ್ಳಲು ಕಟ್ಟಿಕೊಂಡ ಹಳ್ಳಿಗಳಿರಲಿಲ್ಲ, ಚದುರಿಹೋಯಿತು.

ಸರ್ಕಾರದ ತಪ್ಪುಗಳೂ ಕಡಿಮೆಯಲ್ಲ. 1982ರಲ್ಲಿ ರುವಾಂಡಾ ಮೂಲದವರನ್ನು ಮನೆಮಠ ಬಿಡಿಸಿ ಓಡಿಸಿದಾಗ ಅವರ ಯುವಕರು ಬಂಡುಕೋರರ ಜೊತೆಗೂಡಿದರು. ಸೇನೆಯ ಚೀಫ್ ಆಫ್ ಸ್ಟಾಫ್ ಒಯಿಟೆ ಒಜೊಕ್ 1983ರ ಡಿಸೆಂಬರ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಸೈನ್ಯದೊಳಗಿನ ಅಚೋಲಿ–ಲಾಂಗಿ ಬುಡಕಟ್ಟುಗಳ ಒಡಕು ಬಯಲಿಗೆ ಬಿತ್ತು. 1985ರ ಜುಲೈನಲ್ಲಿ ಒಬೊಟೆಯನ್ನು ಇಳಿಸಿದವರು ಬಂಡುಕೋರರಲ್ಲ, ಅವರದೇ ಸೇನಾಧಿಕಾರಿಗಳು. 1986ರ ಜನವರಿ 26ರಂದು ಕಂಪಾಲಾ ಕೈವಶವಾಗುವ ಹೊತ್ತಿಗೆ ಎದುರಿನ ಸೈನ್ಯ ಒಳಗಿಂದಲೇ ಕುಸಿದಿತ್ತು.

ಈ ಐದು ವರ್ಷದಲ್ಲಿ ಹೆಚ್ಚು ಸತ್ತವರು ಲುವೆರೋ ಹಳ್ಳಿಗರು. ಸೈನ್ಯ ಅವರನ್ನು ಊರು ಬಿಡಿಸಿ ಶಿಬಿರಗಳಿಗೆ ತುಂಬಿತು. ಲೇಖನದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಮುಂದಿನ ಕಂತಿನಲ್ಲಿ ದಯವಿಟ್ಟು ಬರೆಸಿ.

— ಇತಿಹಾಸ ಉಪನ್ಯಾಸಕರು, ಕೌಲ್ ಬಜಾರ್, ಬಳ್ಳಾರಿ